ಲಿಫ್ಟಣ್ಣನ ಗಾಳಿ ಷೇರು

ನಮ್ಮ ಕಟ್ಟಡದ ಲಿಫ್ಟಿಗೂ ಲಿಫ್ಟಣ್ಣನಿಗೂ ಒಂದೇ ವಯಸ್ಸು ಎಂದು ಕೆಲವರು ಹೇಳುತ್ತಾರೆ. ಸುಳ್ಳು. ಲಿಫ್ಟಿಗೆ ಮೂವತ್ತೆಂಟು, ಅವನಿಗೆ ಐವತ್ತಾರು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಬಾಯಿಗೆ ಬಂದ ಅಂಕಿ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಆದರೂ ನನಗೆ ಅಣ್ಣ. ಪಕ್ಕದ ಮನೆಯ ನಾಲ್ಕು ವರ್ಷದ ಮಗುವಿಗೂ ಅಣ್ಣ. ಅಣ್ಣ ಅಂದ ಮೇಲೆ ಅವನ ಹೆಂಡತಿ ಅತ್ತಿಗೆ. ನಿಜವಾದ ಹೆಸರು ಹಿಡಿದು ಅವರನ್ನು ಕೂಗುವುದು ಬ್ಯಾಂಕಿನವರು ಮಾತ್ರ.

ನೆಲಮಹಡಿಯಲ್ಲಿ ಒಂದು ದಿನಸಿ ಅಂಗಡಿ, ಲಿಫ್ಟಿನ ಹಿಂದೆ ಲಿಫ್ಟಣ್ಣನ ಎರಡು ಕೋಣೆಯ ಮನೆ. ಅದರ ಮೇಲೆ ಐದು ಮಹಡಿ, ಮಹಡಿಗೆ ಎಂಟರಂತೆ ನಲವತ್ತು ಮನೆ. ನಾನಿರುವುದು ಮೂರನೆಯದರಲ್ಲಿ. ಅತ್ತಿಗೆ ಕಿಟಕಿ ಪರದೆ ಹೊಲಿಯುತ್ತಾಳೆ. ಅವಳ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಬಟ್ಟೆಯ ಥಾನುಗಳು, ತಟ್ಟೆ ತುಂಬ ಗುಂಡುಪಿನ್ನು, ಹೊಲಿಗೆ ಯಂತ್ರ. ಊರಿನ ಅರ್ಧ ಕಿಟಕಿಗಳ ಅಳತೆ ಅವಳಿಗೆ ಬಾಯಿಪಾಠ. ಹಿಂದಿನ ಕೋಣೆಯಲ್ಲಿ ಅಡುಗೆ, ನಿದ್ದೆ, ಮತ್ತು ಲಿಫ್ಟಣ್ಣ ಎಲ್ಲೆಲ್ಲಿಂದಲೋ ಹೊತ್ತು ತಂದ ಹಳೆಯ ಮೋಟರುಗಳು. ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳು ಬಂದಾಗಲೆಲ್ಲ ಅವನ್ನು ಗುಜರಿಗೆ ಹಾಕಿಸುತ್ತೇನೆ ಎಂದು ಕೂಗಾಡುತ್ತಾಳೆ. ಅವಳು ವಾಪಸ್ ಹೋಗುತ್ತಾಳೆ, ಮೋಟರುಗಳು ಹೋಗುವುದಿಲ್ಲ.

ಊರಿನ ಹದಿನಾಲ್ಕು ಕಟ್ಟಡಗಳ ಲಿಫ್ಟು ಅವನ ಸುಪರ್ದಿಯಲ್ಲಿದೆ, ಒಂದು ಆಸ್ಪತ್ರೆಯದೂ ಸೇರಿ. ಅವನದು ಒಂದು ಹಟ. ರಿಪೇರಿ ಮುಗಿದ ಮೇಲೆ ಮೊದಲು ಅವನೊಬ್ಬನೇ ಹತ್ತಬೇಕು. ತುದಿಯವರೆಗೆ ಹೋಗಿ ಇಳಿದು ಬರುವ ತನಕ ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಂಗೈಯನ್ನು ಲಿಫ್ಟಿನ ಗೋಡೆಗೆ ಒತ್ತಿ ಹಿಡಿದು, ತಲೆ ಸ್ವಲ್ಪ ವಾಲಿಸಿಕೊಂಡು ಹೋಗುತ್ತಾನೆ. ಐದನೇ ಮಹಡಿಯ ಡಾಕ್ಟರು ಒಮ್ಮೆ, 'ನನಗೆ ತುರ್ತಿದೆ ಕಣಯ್ಯಾ' ಎಂದು ನುಗ್ಗಲು ಹೋದಾಗ, 'ತುರ್ತಿದ್ರೆ ಮೆಟ್ಟಿಲಿದೆ ಸಾರ್' ಎಂದು ಬಾಗಿಲೆಳೆದುಕೊಂಡ. ನಾಲ್ಕು ನಿಮಿಷ ಕಾಯುವ ನಮಗೆ ಅದು ಕಿರಿಕಿರಿ. ಆದರೆ ಅವನು ಇಳಿದು ಬಂದು 'ಹತ್ತಿ' ಎಂದ ಲಿಫ್ಟನ್ನು ಹತ್ತಲು ಯಾರೂ ಎರಡು ಸಲ ಯೋಚಿಸಿದ್ದಿಲ್ಲ. ಗಾಳಿಯ ಷೇರಿನ ವಿಷಯದಲ್ಲೂ ಆದದ್ದು ಅದೇ.

ಊರಾಚೆಯ ದಿಣ್ಣೆಯ ಮೇಲೆ ಐದು ಗಾಳಿಯಂತ್ರ ಹಾಕಲು ಜನರೇ ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡಿದ್ದರು. ಕರೆಂಟು ಮಾರಿ ಬಂದ ಲಾಭವನ್ನು ಷೇರುದಾರರು ಹಂಚಿಕೊಳ್ಳುವುದು. ಒಂದು ಮನೆಗೆ ಒಂದೇ ಸದಸ್ಯತ್ವ. ಷೇರು ಒಂದಿರಲಿ ನೂರಿರಲಿ, ಒಂದೇ ಮತ. ಇದರ ಕಾಗದ ನಮ್ಮ ಮೆಟ್ಟಿಲ ಬಳಿಯ ಹಲಗೆಗೆ ಅಂಟಿಕೊಂಡು ಎರಡು ತಿಂಗಳಾದರೂ ನನ್ನನ್ನೂ ದಿನಸಿ ಅಂಗಡಿಯವನನ್ನೂ ಬಿಟ್ಟರೆ ಯಾರೂ ಪೂರ್ತಿ ಓದಿರಲಿಲ್ಲ. ಅಂಗಡಿಯವನು ಓದಿ, 'ಗಾಳಿಗೋಪುರ ಕಟ್ಟೋರನ್ನ ನೋಡಿದ್ದೆ, ಅದಕ್ಕೆ ಷೇರು ಮಾರೋರನ್ನ ಈಗ್ಲೇ ನೋಡಿದ್ದು' ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಆಗಲೇ ನಿಂತಿದ್ದ ಮೊದಲನೇ ಯಂತ್ರವನ್ನು ತೋರಿಸಲು ಸಂಘದವರು ಒಂದು ಭಾನುವಾರ ಬಸ್ಸು ಮಾಡಿ ಆಸಕ್ತರನ್ನು ದಿಣ್ಣೆಗೆ ಕರೆದುಕೊಂಡು ಹೋದರು. ನಮ್ಮ ಕಟ್ಟಡದಿಂದ ಹನ್ನೆರಡು ಜನ ಹೋದೆವು. ಉಳಿದವರೆಲ್ಲ ರೆಕ್ಕೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಲಿಫ್ಟಣ್ಣ ಅಲ್ಲಿನ ಮೆಕ್ಯಾನಿಕ್ ಹುಡುಗಿಯ ಬೆನ್ನು ಹತ್ತಿದ. ಕೊನೆಗೆ ಅವಳು ಬೇಸತ್ತು, ಅವನ ತಲೆಗೊಂದು ಹೆಲ್ಮೆಟ್ ಇಟ್ಟು ಕಂಬದೊಳಗೆ ಕರೆದುಕೊಂಡು ಹೋದಳು. ಒಂದೂವರೆ ಗಂಟೆ ಬಸ್ಸು ಅವನೊಬ್ಬನಿಗಾಗಿ ಕಾಯಿತು. ಇಳಿದು ಬಂದವನ ಮುಖ ಅರಳಿತ್ತು.

'ಒಳಗೆ ಲಿಫ್ಟ್ ಇದೆ ಟೀಚರ್!' ಎಂದ. 'ಇಬ್ರು ನಿಲ್ಲೋ ಅಷ್ಟು ಪುಟ್ಟದು. ಎಷ್ಟು ಚೊಕ್ಕವಾಗಿ ಇಟ್ಟಿದಾರೆ ಅಂತೀರಿ!'

'ಲಾಭ ಎಷ್ಟು ಬರುತ್ತಂತಪ್ಪ?' ಎಂದು ಕೇಳಿದೆ.

'ಅದು ಕೇಳ್ಲಿಲ್ಲ. ಬ್ರೇಕ್ ಚೆನ್ನಾಗಿದೆ. ಗೇರ್‌ಬಾಕ್ಸ್ ಮೇಲೆ ಕೈ ಇಟ್ಟು ನೋಡ್ದೆ, ಒಂಚೂರೂ ನಡುಕ ಇಲ್ಲ. ಆ ಹುಡುಗಿ ಕೆಲಸ ಗೊತ್ತಿರೋಳು. ನಾನಂತೂ ಹಾಕ್ತೀನಿ.'

ಮರುವಾರ ಫಾರಂ ತುಂಬಿಸಿಕೊಳ್ಳಲು ಸಂಘದ ಗುಮಾಸ್ತ ಬಂದ. ಆ ಹೊತ್ತಿಗೆ ಲಿಫ್ಟಣ್ಣ ನಮ್ಮದೇ ಲಿಫ್ಟಿನ ತಳದ ಗುಂಡಿಗೆ ಇಳಿದಿದ್ದ. ಮೇಲೆ ಬಂದಾಗ ಎರಡೂ ಕೈಗೆ ಮೊಣಕೈ ತನಕ ಗ್ರೀಸು. 'ಕಾಗದ ಹಾಳಾಗುತ್ತೆ, ನೀನೇ ಹಾಕೇ ಸಹಿ' ಎಂದು ಹೆಂಡತಿಗೆ ಹೇಳಿದ. ಅವಳು ಹಾಕಿದಳು. ಹೀಗೆ ಆ ಮನೆಯ ಸದಸ್ಯತ್ವ, ಮತ, ಷೇರು ಎಲ್ಲವೂ ಅತ್ತಿಗೆಯ ಹೆಸರಿಗೆ ಹೋಯಿತು. ಅವನು ಹಾಕಿಸಿದ್ದು ಸಣ್ಣ ಮೊತ್ತವಲ್ಲ. ಇಷ್ಟು ವರ್ಷ ಇಬ್ಬರೂ ಸೇರಿ ಕೂಡಿಟ್ಟು, ಮಗಳ ಮದುವೆ ಕಳೆದು ಉಳಿದದ್ದರಲ್ಲಿ ಮುಕ್ಕಾಲು ಪಾಲು.

ಆಮೇಲೆ ಮೂವತ್ತು ಮನೆಯವರು ಹಾಕಿದರು. ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರು ಕೆಲಸ ಬಿಟ್ಟಾಗ ಬಂದ ಹಣದಲ್ಲಿ ಅರ್ಧ ಹಾಕಿದರು. ನಗಿಸುತ್ತಿದ್ದ ದಿನಸಿ ಅಂಗಡಿಯವನೇ ನಾಲ್ಕು ಷೇರು ಕೊಂಡ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆಯನ್ನು ಈಗ ಹೇಳತೊಡಗಿದ. ನಾನೂ ಹಾಕಿದೆ. ಕಾಗದದ ಮೇಲೆ ಲೆಕ್ಕ ಹಾಕಿ, ಸರಿಯಿದೆ ಎಂದು ಕಂಡುಕೊಂಡು ಎರಡು ತಿಂಗಳಾಗಿತ್ತು. ಆದರೂ ಸಹಿ ಮಾಡಿದ್ದು ಲಿಫ್ಟಣ್ಣನ ಮನೆಯವರು ಮಾಡಿದ ಮೇಲೆ. ಒಪ್ಪಿಕೊಳ್ಳಲು ನಾಚಿಕೆಯಾದರೂ ನಿಜ ಅದು.

ನಾಲ್ಕು ವರ್ಷ ಎಲ್ಲ ಸುಸೂತ್ರ. ವರ್ಷಕ್ಕೊಮ್ಮೆ ಲಾಭಾಂಶ ಬರುತ್ತಿತ್ತು, ನಾವು ಅದನ್ನು ಮಕ್ಕಳಂತೆ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದೆವು. ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಹಾರಿ ಬೀದಿಗೆ ಬಿದ್ದರೆ ಮೊದಲು ಬೈಯುತ್ತಿದ್ದವರು ಈಗ, 'ಬೀಸ್ಲಿ ಬಿಡಿ, ನಮ್ಮದೇ ಗಾಳಿ' ಎನ್ನುತ್ತಿದ್ದರು. ಗಾಳಿ ನಿಂತು ಸೆಕೆಯಾದರೆ, 'ಏನ್ ಲಿಫ್ಟಣ್ಣ, ಇವತ್ತು ಆಫ್ ಮಾಡಿಟ್ಟಿದೀರಾ?' ಎಂದು ಅವನನ್ನೇ ಕೇಳುತ್ತಿದ್ದರು. ವಾರ್ಷಿಕ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ಮತ ಅವಳದು, ಅಭಿಪ್ರಾಯ ಅವನದು. ಕೈ ಎತ್ತುವ ಹೊತ್ತು ಬಂದಾಗ ಅವನು ಮೊಣಕೈಯಿಂದ ತಿವಿಯುತ್ತಿದ್ದ, ಅವಳು ಎತ್ತುತ್ತಿದ್ದಳು. ಒಮ್ಮೆ ತೂಕಡಿಸುತ್ತಿದ್ದವಳು ತಿವಿತಕ್ಕೆ ಎಚ್ಚೆತ್ತು, ಎಲ್ಲರೂ ಇಳಿಸಿದ ಮೇಲೆ ಕೈ ಎತ್ತಿ ಸಭೆಯನ್ನೇ ನಗಿಸಿದ್ದಳು.

ಐದನೇ ವರ್ಷ ಮೂರನೇ ಯಂತ್ರದ ಗೇರ್‌ಬಾಕ್ಸ್ ಮುರಿಯಿತು. ಅದರ ಬೆನ್ನಿಗೇ ಐದನೆಯದೂ ಸದ್ದು ಮಾಡತೊಡಗಿತು. ಆ ವರ್ಷ ಲಾಭಾಂಶವಿಲ್ಲ ಎಂದು ಪತ್ರ ಬಂತು. ರಿಪೇರಿಗೆ ಸಂಘದ ಮೀಸಲು ನಿಧಿಯೇ ಗತಿ. ಆದರೆ ಷೇರು ವಾಪಸ್ ಕೇಳುವವರಿಗೆ ದುಡ್ಡು ಕೊಡಬೇಕಾದದ್ದೂ ಅದೇ ನಿಧಿಯಿಂದ. ವರ್ಷಕ್ಕೆ ಒಂದು ತಿಂಗಳು ಮಾತ್ರ, ಸಭೆ ನಡೆಯುವ ತಿಂಗಳು, ವಾಪಸ್ ಕೇಳಬಹುದು. ಮೊದಲು ಅರ್ಜಿ ಕೊಟ್ಟವರಿಗೆ ಮೊದಲು. ಅರ್ಜಿ ಕೊಟ್ಟ ದಿನದಿಂದ ಮತವಿಲ್ಲ, ಮತ್ತೆ ಎರಡು ವರ್ಷ ಸೇರುವಂತಿಲ್ಲ. ತುಂಬ ಜನ ವಾಪಸ್ ಕೇಳಿದರೆ ನಿಧಿ ಬರಿದಾಗಿ ರಿಪೇರಿ ನಿಲ್ಲುತ್ತದೆ. ಐದನ್ನೂ ಯಾವುದಾದರೂ ಕಂಪನಿಗೆ ಸಿಕ್ಕಿದ ಬೆಲೆಗೆ ಮಾರಬೇಕಾಗುತ್ತದೆ. ಆಗ ಕೊನೆಗೆ ಉಳಿದವರ ಕೈಗೆ ಬರುವುದು ಚಿಪ್ಪು.

ಇದೆಲ್ಲ ಲೆಕ್ಕ ಹಾಕಲು ನನಗೆ ಹತ್ತು ನಿಮಿಷ ಸಾಕಾಯಿತು. ಎಲ್ಲರೂ ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದು. ಯಾರಾದರೂ ಓಡುವುದಾದರೆ ಮೊದಲು ಓಡುವವರಿಗೆ ಒಳ್ಳೆಯದು. ತಿಂಗಳ ಮೊದಲ ವಾರವೇ, ಯಾರಿಗೂ ಹೇಳದೆ, ಸಂಘದ ಕಚೇರಿಗೆ ಹೋದೆ.

ಅಲ್ಲಿ ಏಳೆಂಟು ಜನರ ಸಾಲಿತ್ತು. ನನಗಿಂತ ಇಬ್ಬರ ಮುಂದೆ, ಅಳತೆ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು, ಅತ್ತಿಗೆ ನಿಂತಿದ್ದಳು. ತಿರುಗಿ ನೋಡಿದಳು. ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗವಿರಲಿಲ್ಲ.

'ಟೀಚರ್, ನೀವೂನಾ?'

'ಅವನಿಗೆ ಗೊತ್ತೇನೇ?' ಎಂದೆ.

'ಹೇಳಿದೀನಿ,' ಎಂದಳು.

ಅಷ್ಟು ಸಾಕಿತ್ತು ನನಗೆ. 'ನಾನು ಬಂದಿದ್ದು ಯಾರಿಗೂ ಹೇಳಬೇಡ, ಅವನಿಗೂ' ಎಂದು ಕೇಳಿಕೊಂಡೆ. ಅವಳು ಆಗಲಿ ಎಂದಳು. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಮನೆಗೆ ಬಂದೆವು.

ಸಭೆ ಇಪ್ಪತ್ತನೇ ತಾರೀಖು, ಒಂದು ಶಾಲೆಯ ಹಾಲಿನಲ್ಲಿ. ಮಕ್ಕಳು ಕೂರುವ ತಗ್ಗು ಬೆಂಚುಗಳ ಮೇಲೆ ದೊಡ್ಡವರೆಲ್ಲ ಮೊಣಕಾಲು ಗದ್ದಕ್ಕೆ ತಗಲುವಂತೆ ಕೂತಿದ್ದರು. ಕಾರ್ಯದರ್ಶಿ ರಿಪೇರಿಯ ಖರ್ಚು ಓದಿದ ಕೂಡಲೇ ಗಲಾಟೆ ಶುರುವಾಯಿತು. ಹಲವರ ಕೈಯಲ್ಲಿ ವಾಪಸಾತಿ ಅರ್ಜಿ ತುಂಬಿಕೊಂಡು ಸಿದ್ಧವಾಗಿತ್ತು. ನಮ್ಮ ಕಟ್ಟಡದವರ ಕೈಯಲ್ಲೂ ಇತ್ತು. ಆಗ ಲಿಫ್ಟಣ್ಣ ಎದ್ದು ನಿಂತ.

'ನಂಗೆ ಭಾಷಣ ಬರಲ್ಲ,' ಎಂದ. 'ಹೋದ ವಾರ ನಾನು ಮೇಲೆ ಹತ್ತಿ ನೋಡ್ಕೊಂಡು ಬಂದೆ. ಮೂರನೇದರದು ಬೇರಿಂಗ್ ಹೋಗಿ ಗೇರಿನ ಹಲ್ಲು ತಿಂದಿದೆ. ಐದನೇದು ಬರೀ ಎಣ್ಣೆ ಸಮಸ್ಯೆ. ಎರಡೂ ಸರಿಹೋಗೋವಂಥದ್ದೇ. ಯಂತ್ರ ಅಂದ್ಮೇಲೆ ಕೆಡುತ್ತೆ, ಕೆಟ್ರೆ ರಿಪೇರಿ ಮಾಡ್ಬೇಕು, ಮಾರೋದಲ್ಲ. ನಮ್ಮನೆ ದುಡ್ಡು ಅಲ್ಲೇ ಇದೆ, ಒಂದು ಷೇರೂ ತೆಗೆದಿಲ್ಲ, ತೆಗೆಯೋದೂ ಇಲ್ಲ. ಮುಂದಿನದು ನಿಮಗೆ ಬಿಟ್ಟಿದ್ದು.'

ನಾನು ಹಿಂದಿನ ಬೆಂಚಿನಲ್ಲಿದ್ದೆ. ಎಂಥ ಸುಳ್ಳ ಇವನು ಎಂದುಕೊಂಡೆ. ಹೆಂಡತಿಯನ್ನು ಕಳಿಸಿ ದುಡ್ಡು ತೆಗೆಸಿ, ಈಗ ಊರಿಗೆ ಉಪದೇಶ ಮಾಡುತ್ತಿದ್ದಾನೆ! ಇದರ ಜೊತೆಗೇ ಮನಸ್ಸು ಹಗುರವೂ ಆಯಿತು. ಇವನೇ ಹೀಗಾದರೆ ನನ್ನದೇನು ಮಹಾ ತಪ್ಪು? ಅತ್ತಿಗೆ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

ಮತಕ್ಕೆ ಹಾಕಿದರು. ಲಿಫ್ಟಣ್ಣ ಎಂದಿನಂತೆ ಮೊಣಕೈಯಿಂದ ತಿವಿದ. ಅವಳು ಕೈ ಎತ್ತಲಿಲ್ಲ. ಮತ್ತೆ ತಿವಿದ. ಎತ್ತಲಿಲ್ಲ. ಸೆಕೆಗೆ ಸುಸ್ತಾಗಿದೆ ಎಂದುಕೊಂಡನೋ ಏನೋ, ನೀರಿನ ಬಾಟಲಿ ಕೊಟ್ಟ. ಹಿಂದಿನ ಬೆಂಚಿನಲ್ಲಿ ನಾನು ಕೈ ಎತ್ತಿದ್ದೆ. ಮತವಿಲ್ಲದ ಕೈ. ಗುಮಾಸ್ತ ಸಾಲು ಸಾಲಾಗಿ ಎಣಿಸಿ, ನನ್ನನ್ನೂ ಸೇರಿಸಿಕೊಂಡು ಹೋದ. ರಿಪೇರಿ ಬಹುಮತದಿಂದ ಪಾಸಾಯಿತು. ನಮ್ಮ ಕಟ್ಟಡದವರು ಅರ್ಜಿಗಳನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಕಂಡಕ್ಟರು ತಮ್ಮದನ್ನು ಹರಿದೇ ಹಾಕಿದರು.

ಐದು ದಿನ ಬಿಟ್ಟು ಸಂಘದಿಂದ ಅತ್ತಿಗೆಯ ಹೆಸರಿಗೆ ಲಕೋಟೆ ಬಂತು. ಸಭೆಯ ವರದಿ ಇರಬೇಕೆಂದು ಲಿಫ್ಟಣ್ಣ ಒಡೆದ. ಒಳಗೆ ಚೆಕ್ಕಿತ್ತು. ಮುಂದೆ ಅವರಿಬ್ಬರ ನಡುವೆ ಆದ ಮಾತನ್ನು ಅತ್ತಿಗೆಯೇ ನನಗೆ ಆಮೇಲೊಂದು ದಿನ ಹೇಳಿದಳು.

'ಏನೇ ಇದು?'

'ಹೇಳಿದ್ದೆನಲ್ಲ.'

'ಯಾವಾಗ?'

'ಆಸ್ಪತ್ರೆ ಲಿಫ್ಟಿನ ಮೋಟರ್ ಬಿಚ್ಚಿಕೊಂಡು ಕೂತಿದ್ರಲ್ಲ, ಆವತ್ತು. ನಮ್ಮ ಷೇರು ವಾಪಸ್ ತಗೊಂಡುಬಿಡ್ತೀನಿ ಅಂದೆ. ತಲೆ ಆಡಿಸಿದ್ರಿ.'

'ನಾನು ಮೋಟರಿಗೆ ತಲೆ ಆಡಿಸಿದ್ದು!'

'ಅದು ನಂಗೆ ಹೇಗೆ ಗೊತ್ತಾಗ್ಬೇಕು? ಮೂವತ್ತು ವರ್ಷದಿಂದ ನಂಗೂ ಹಂಗೇ ಆಡಿಸ್ತಿದೀರಿ.'

'ಮತ್ತೆ ಸಭೇಲಿ ಯಾಕೆ ಸುಮ್ನಿದ್ದೆ?'

'ಅಷ್ಟು ಜನರ ಮುಂದೆ ನಿಮ್ಮ ಮಾತು ತಪ್ಪು ಅಂತ ಎದ್ದು ನಿಲ್ಬೇಕಿತ್ತಾ? ಮುಗಿದ ಮೇಲೆ ಹೇಳೋಣ ಅಂದ್ಕೊಂಡೆ. ಎಲ್ರೂ ಬಂದು ನಿಮ್ಮ ಕೈ ಕುಲುಕ್ತಾ ಇದ್ರು. ಬಾಯಿ ಬರ್ಲಿಲ್ಲ.'

ಯಾಕೆ ತೆಗೆದೆ ಎಂದು ಕೊನೆಗೆ ಕೇಳಿದನಂತೆ. 'ಹೆದರಿಕೆ ಆಯ್ತು, ಅದಕ್ಕೆ' ಎಂದಳಂತೆ. 'ಇಪ್ಪತ್ತೆರಡು ವರ್ಷ ಪರದೆ ಹೊಲಿದ ದುಡ್ಡೂ ಅದ್ರಲ್ಲಿತ್ತು. ನಿಮ್ಮದು ಮಾತ್ರ ಅಲ್ಲ.' ಅದು ನಿಜ ಎಂದು ಒಪ್ಪಿಕೊಂಡನಂತೆ. ಸಾಲಿನಲ್ಲಿ ನನ್ನನ್ನು ಕಂಡ ವಿಷಯವನ್ನು ಅವಳು ಹೇಳಲಿಲ್ಲ.

ಅವನು ಸುಮ್ಮನಿರಬಹುದಿತ್ತು. ಚೆಕ್ಕು ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ಹೇಳಿದರೆ ಮೂವತ್ತು ಮನೆಯವರೂ ಹೆದರಿ ಓಡಬಹುದು, ರಿಪೇರಿ ನಿಲ್ಲಬಹುದು, ಊರಿನಲ್ಲಿ ಅವನ ಮಾತಿಗೆ ಇದ್ದ ಬೆಲೆ ಮೂರು ಕಾಸಾಗಬಹುದು. ಹೇಳದಿದ್ದರೆ ಜನ ಅವನ ಸುಳ್ಳನ್ನು ನಂಬಿ ಕೂತಿರುತ್ತಾರೆ. ತಿಂಗಳು ಮುಗಿಯಲು ಮೂರು ದಿನವಿತ್ತು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಐದನೇ ಮಹಡಿಯಿಂದ ಶುರು ಮಾಡಿದ. ಕೊನೆಗೆ ಒಂಬತ್ತು ಮನೆಯವರು ಮಾತ್ರ ವಾಪಸ್ ತೆಗೆದುಕೊಂಡರು, ಅದರಿಂದ ರಿಪೇರಿಯೂ ನಿಲ್ಲಲಿಲ್ಲ. ಆದರೆ ಆ ಬೆಳಿಗ್ಗೆ ಇದು ಅವನಿಗೆ ಗೊತ್ತಿರಲಿಲ್ಲ.

ನನ್ನ ಬಾಗಿಲಿಗೆ ಬಂದಾಗ ಹತ್ತೂವರೆ. ಒಳಗೆ ಬಾರಪ್ಪ ಎಂದರೆ ಬರಲಿಲ್ಲ.

'ಟೀಚರ್, ಸಭೇಲಿ ನಾನು ಹೇಳಿದ್ದು ಸುಳ್ಳು,' ಎಂದ. 'ನಮ್ಮನೆ ದುಡ್ಡು ಅಲ್ಲಿಲ್ಲ. ಅವಳು ಮೊದಲೇ ಅರ್ಜಿ ಕೊಟ್ಟಿದ್ಲು, ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅಂದ್ರೆ ಮೇಲಿನ ಡಾಕ್ಟರು ನಕ್ಕುಬಿಟ್ರು. ನಗ್ಲಿ. ನನ್ನ ಮಾತು ನಂಬಿ ಸುಮ್ನಿದ್ದೋರು ಇನ್ನು ಮೂರು ದಿನದಲ್ಲಿ ತಗೊಳ್ಳೋದಿದ್ರೆ ತಗೊಳ್ಳಿ ಅಂತ ಹೇಳೋಕೆ ಬಂದೆ.'

ಅವನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಇವನೂ ನನ್ನ ಹಾಗೇ ಎಂದುಕೊಂಡು ನೆಮ್ಮದಿಯಾಗಿದ್ದೆನಲ್ಲ, ಆ ನೆಮ್ಮದಿ ನಿಂತ ನಿಲುವಿನಲ್ಲೇ ಹೋಯಿತು.

'ನಿಮ್ಮದು ಅಲ್ಲೇ ಇದೆಯಲ್ವಾ ಟೀಚರ್?' ಎಂದು ಕೇಳಿದ. 'ನೀವು ಲೆಕ್ಕ ಹಾಕದೆ ಏನೂ ಮಾಡೋರಲ್ಲ. ನೀವು ಇಟ್ಕೊಂಡಿದೀರಿ ಅಂದ್ರೆ ಉಳಿದೋರಿಗೆ ಧೈರ್ಯವಾಗಿ ಹೇಳೋಕೆ ನಂಗೊಂದು ಮಾತು ಸಿಗುತ್ತೆ.'

ನನ್ನ ಚೆಕ್ಕು ಒಳಗೆ ಬೀರುವಿನಲ್ಲಿತ್ತು.

'ಇದೆ,' ಎಂದೆ.

'ಸದ್ಯ!' ಎಂದ ಲಿಫ್ಟಣ್ಣ. ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಬಿಟ್ಟವನ ಹಾಗೆ ಕಂಡ. ನಾನು ಬಾಗಿಲು ಮುಚ್ಚಿದೆ. ಮುಚ್ಚಿ ಅಲ್ಲೇ ನಿಂತೆ. ಎದುರು ಮನೆಯ ಗಂಟೆ ಬಾರಿಸಿದ್ದು ಕೇಳಿಸಿತು, ಕಂಡಕ್ಟರು ಕೆಮ್ಮುತ್ತ ಬಂದದ್ದು ಕೇಳಿಸಿತು, ಅವನು ಮೊದಲಿನಿಂದ ಎಲ್ಲ ಹೇಳಿದ್ದು ಕೇಳಿಸಿತು.

'ನನ್ನ ಮಾತು ಬಿಡಿ ಯಜಮಾನ್ರೇ,' ಎಂದ ಲಿಫ್ಟಣ್ಣ. 'ಟೀಚರ್ ದುಡ್ಡು ಅಲ್ಲೇ ಇದೆ. ಈಗಷ್ಟೇ ಕೇಳ್ಕೊಂಡು ಬಂದೆ.'

ಬಾಗಿಲು ತೆರೆದೆ.

'ನನ್ನದೂ ಇಲ್ಲ ಕಣಪ್ಪ,' ಎಂದೆ. 'ಅತ್ತಿಗೆ ಹೋದ ದಿನಾನೇ ನಾನೂ ಹೋಗಿದ್ದೆ. ಅದೇ ಸಾಲಿನಲ್ಲಿದ್ದೆ.'

ಕಂಡಕ್ಟರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಲಿಫ್ಟಣ್ಣ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

'ಅವಳು ಹೇಳ್ಲಿಲ್ಲ,' ಎಂದ.

'ಹೇಳ್ಬೇಡ ಅಂದಿದ್ದೆ.'

ಅವನು ಕಂಡಕ್ಟರ ಕಡೆ ತಿರುಗಿ, 'ಟೀಚರ್‌ದೂ ಇಲ್ಲವಂತೆ. ಕೇಳಿಸ್ಕೊಂಡ್ರಲ್ಲ. ಇನ್ನು ನೀವೇ ಯೋಚನೆ ಮಾಡಿ' ಎಂದ. ಮೆಟ್ಟಿಲವರೆಗೆ ಹೋದವನು ನಿಂತು ನನ್ನ ಕಡೆ ನೋಡಿದ.

'ಇನ್ನೂ ಎರಡು ಮಹಡಿ ಇದೆ ಟೀಚರ್. ನಾನೊಬ್ಬನೇ ಹೇಳಿದ್ರೆ ಯಾರೂ ನಂಬ್ತಿಲ್ಲ. ನೀವೂ ಬರ್ತೀರಾ?'

ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಇಳಿದೆ. ಎರಡನೇ ಮಹಡಿಯ ತುದಿಯ ಮನೆಯವರು ಬಾಗಿಲು ತೆರೆದಾಗ ಅವನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದ. ಅವನಿಗೆ ಬಿಡದೆ ನಾನೇ ಹೇಳಿದೆ.